ಕಾರಿನ ಪೇಂಟಿನ ಮೇಲಿನ ಉಜ್ಜುಗೆರೆಗಳು: ಬಫಿಂಗ್ ಕೆಲಸದವರಿಗೆ ಒಂದು ಬಹಿರಂಗ ಪತ್ರ

ಟಿಂಕರಿಂಗ್–ಪೇಂಟಿಂಗ್ ಗ್ಯಾರೇಜುಗಳಲ್ಲಿ ರಬ್ಬಿಂಗ್, ಬಫಿಂಗ್ ಮಾಡುವವರಿಗೆ, ಆ ಕೆಲಸ ಕಲಿಯುತ್ತಿರುವ ಐಟಿಐ ವಿದ್ಯಾರ್ಥಿಗಳಿಗೆ ಮತ್ತು ಗ್ಯಾರೇಜುಗಳ ಮಾಲೀಕರಿಗೆ,



ಹೊಸದಾಗಿ ಕ್ಲಿಯರ್ ಹೊಡೆದ ಪ್ಯಾನೆಲ್ಲಿನ ಮೇಲೆ ದೂಳಿನ ಕಾಳು ಕೂತಿದ್ದರೆ, ರನ್ ಇಳಿದಿದ್ದರೆ, ಆರೆಂಜ್ ಪೀಲ್ ಉಳಿದಿದ್ದರೆ ಅದನ್ನು ವಾಟರ್ ಪೇಪರಿನಿಂದ ಉಜ್ಜಿ ಮಟ್ಟ ಮಾಡುವುದು ರೂಢಿ. ಉಜ್ಜಿದ ಜಾಗ ಮಟ್ಟವೇನೋ ಆಗುತ್ತದೆ, ಆದರೆ ಮಂಕಾಗುತ್ತದೆ. ಪೇಪರಿನ ಕಣಗಳು ಕ್ಲಿಯರಿನಲ್ಲಿ ಕೊರೆದ ಸಾವಿರಾರು ಸಣ್ಣ ಗೆರೆಗಳೇ ಆ ಮಂಕಿಗೆ ಕಾರಣ. ನುಣುಪಾದ ಮೇಲ್ಮೈಗೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಆದ್ದರಿಂದ ಅದರಲ್ಲಿ ಮುಖ ಕಾಣುತ್ತದೆ. ಗೆರೆ ಬಿದ್ದ ಮೇಲ್ಮೈಯಿಂದ ಬೆಳಕು ದಿಕ್ಕುದಿಕ್ಕಿಗೆ ಚದುರುತ್ತದೆ. ಬಫಿಂಗ್ ಕೆಲಸದ ಗುರಿ ಈ ಗೆರೆಗಳನ್ನು ಇಲ್ಲವಾಗಿಸುವುದು.

ಗೆರೆ ಇಲ್ಲವಾಗುವ ಬಗೆ ಒಂದೇ: ಅದರ ಸುತ್ತಲಿನ ಕ್ಲಿಯರನ್ನು ಗೆರೆಯ ತಳದ ಮಟ್ಟಕ್ಕೆ ಇಳಿಸಬೇಕು. ಕಾಂಪೌಂಡ್ ಗೆರೆಯೊಳಕ್ಕೆ ಇಳಿದು ಅದನ್ನು ತುಂಬುತ್ತದೆ ಎಂಬ ನಂಬಿಕೆ ಹಲವು ಗ್ಯಾರೇಜುಗಳಲ್ಲಿದೆ. ಅದು ತಪ್ಪು. ಕಾಂಪೌಂಡ್ ಎಂದರೆ ನೀರು, ಎಣ್ಣೆ ಮತ್ತು ಅವೆರಡನ್ನೂ ಬೆರೆಸಿ ಹಿಡಿಯುವ ಪದಾರ್ಥಗಳಲ್ಲಿ ತೇಲುವ ಗಟ್ಟಿ ಕಣಗಳು. ಸಾಮಾನ್ಯವಾಗಿ ಅವು ಅಲ್ಯೂಮಿನಿಯಂ ಆಕ್ಸೈಡಿನ ಕಣಗಳು. ಅವುಗಳ ಕೆಲಸವೂ ಪೇಪರಿನ ಕಣದ ಕೆಲಸವೇ, ಕೊರೆಯುವುದು. ಕೊರೆತ ಕಣ್ಣಿಗೆ ಕಾಣದಷ್ಟು ಸಣ್ಣದು ಎಂಬುದಷ್ಟೇ ವ್ಯತ್ಯಾಸ. ಹಾಗಾಗಿ ಗೆರೆ ತೆಗೆದಷ್ಟೂ ಕ್ಲಿಯರ್ ಕಡಿಮೆಯಾಗುತ್ತದೆ, ಹೋದ ಕ್ಲಿಯರ್ ಮರಳಿ ಬರುವುದಿಲ್ಲ. ಈ ಕೆಲಸದ ಎಲ್ಲ ನಿಯಮಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು.

ಆ ಕ್ಲಿಯರ್ ಎಷ್ಟಿದೆ ಎಂಬ ಲೆಕ್ಕ ಮೊದಲು ಬೇಕು. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಮೊದಲ ಪದರ ಸುಮಾರು 20 ಮೈಕ್ರಾನ್, ಪ್ರೈಮರ್ 30ರಿಂದ 40, ಬಣ್ಣದ ಬೇಸ್ ಕೋಟ್ 12ರಿಂದ 20, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇರುತ್ತದೆ. ಗ್ಯಾರೇಜಿನಲ್ಲಿ ಎರಡು ಕೋಟ್ ಹೊಡೆದ ಕ್ಲಿಯರ್ 50–60 ಮೈಕ್ರಾನ್ ಬರಬಹುದು. ಜೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಕಾರಿನ ಹೊಳಪೆಲ್ಲ ಅದರ ಅರ್ಧದಷ್ಟು ದಪ್ಪದ ಪದರದಲ್ಲಿದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಕಾಯುವ ರಾಸಾಯನಿಕಗಳಿರುವುದೂ ಇದೇ ಪದರದಲ್ಲಿ. ಅತಿಯಾಗಿ ತೆಳುವಾದ ಕ್ಲಿಯರ್ ಬಫಿಂಗ್ ಆದ ದಿನ ಚೆನ್ನಾಗಿಯೇ ಕಾಣುತ್ತದೆ. ಕೆಲವು ಬೇಸಿಗೆಗಳು ಕಳೆದ ಮೇಲೆ ಬಾನೆಟ್ಟಿನ ಮೇಲೆ, ಟಾಪಿನ ಮೇಲೆ ಬೆಳ್ಳಗಾಗಿ ಪೊರೆ ಏಳುತ್ತದೆ. ಅಷ್ಟು ಹೊತ್ತಿಗೆ ಅದು ಯಾರ ಕೈಯ ತಪ್ಪು ಎಂದು ಯಾರಿಗೂ ನೆನಪಿರುವುದಿಲ್ಲ.

ಪೇಂಟಿನ ದಪ್ಪ ಅಳೆಯುವ ಮೀಟರ್ ಉಕ್ಕಿನ ತಗಡಿನ ಮೇಲೆ ಕಾಂತತ್ವದಿಂದ, ಅಲ್ಯೂಮಿನಿಯಂ ಮೇಲೆ ವಿದ್ಯುತ್ ಸುಳಿಯಿಂದ ಕೆಲಸ ಮಾಡುತ್ತದೆ. ಅದು ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಕ್ಲಿಯರ್ ಒಂದರದನ್ನಲ್ಲ. ಪುಟ್ಟಿ ಹಾಕಿದ ಜಾಗದಲ್ಲಿ ಅಂಕಿ ದೊಡ್ಡದಾಗಿದ್ದರೆ ಕ್ಲಿಯರ್ ದಪ್ಪವಿದೆ ಎಂದು ತಿಳಿಯಬಾರದು. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಮೀಟರ್ ಏನನ್ನೂ ತೋರಿಸುವುದಿಲ್ಲ. ಆದರೂ ಉಜ್ಜುವ ಮೊದಲು ಮತ್ತು ಉಜ್ಜಿದ ಮೇಲೆ ಒಂದೇ ಜಾಗದಲ್ಲಿ ಅಳೆದರೆ ಎಷ್ಟು ಮೈಕ್ರಾನ್ ಹೋಯಿತು ಎಂಬುದು ಸ್ಪಷ್ಟವಾಗಿ ಸಿಗುತ್ತದೆ. ಆ ಲೆಕ್ಕಕ್ಕೆ ಅಂದಾಜು ಸಾಲದು.

ಕ್ಲಿಯರ್ ಇಲ್ಲದ ಪೇಂಟುಗಳ ವಿಷಯ ಬೇರೆ. ಅಮೆರಿಕದ ಡ್ಯೂಪಾಂಟ್ ಕಂಪನಿ 1923ರಲ್ಲಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರನ್ನು ಮಾರುಕಟ್ಟೆಗೆ ತಂದಿತು. ಜನರಲ್ ಮೋಟಾರ್ಸ್ ಅದನ್ನು ಓಕ್‌ಲ್ಯಾಂಡ್ ಕಾರುಗಳಿಗೆ ಬಳಸಿತು. ಅದುವರೆಗೆ ವಾರಗಟ್ಟಲೆ ಒಣಗಬೇಕಿದ್ದ ಕಾರಿನ ಬಣ್ಣ ಗಂಟೆಗಳಲ್ಲಿ ಒಣಗತೊಡಗಿತು. ಆದರೆ ಆ ಪೇಂಟಿಗೆ ಹೊಳಪು ತಾನಾಗಿ ಬರುತ್ತಿರಲಿಲ್ಲ, ರಬ್ಬಿಂಗ್ ಮಾಡಿಯೇ ತರಬೇಕಿತ್ತು. ನಮ್ಮ ಪೇಂಟರುಗಳ ಮಾತಿನಲ್ಲಿ ಡ್ಯೂಕೋ ಎಂಬ ಹೆಸರು ಇನ್ನೂ ಉಳಿದಿದೆ, ಅಂಬಾಸಿಡರ್ ಕಾಲದ ಗಟ್ಟಿ ರಬ್ಬಿಂಗಿನ ಅಭ್ಯಾಸವೂ ಉಳಿದಿದೆ. ಅಂಥ ಪೇಂಟನ್ನು ಉಜ್ಜಿದಾಗ ಬಟ್ಟೆಗೆ ಬಣ್ಣ ಹತ್ತುವುದು ಸಹಜವಾಗಿತ್ತು. ಬೇಸ್ ಕೋಟ್, ಕ್ಲಿಯರ್ ಕೋಟ್ ಇರುವ ಈಗಿನ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಹತ್ತಿತೆಂದರೆ ಕ್ಲಿಯರ್ ಮುಗಿದುಹೋಗಿದೆ ಎಂದರ್ಥ. ಆ ಕ್ಷಣವೇ ಮಷೀನ್ ನಿಲ್ಲಬೇಕು. ಹಳೆಯ ಕೈಯ ಅಭ್ಯಾಸವನ್ನು ಹೊಸ ಪೇಂಟಿನ ಮೇಲೆ ನಡೆಸಿದ್ದರಿಂದ ಹಾಳಾದ ಪ್ಯಾನೆಲ್ಲುಗಳಿಗೆ ಲೆಕ್ಕವಿಲ್ಲ.

ಬಫಿಂಗ್ ಎಷ್ಟು ಕಷ್ಟವಾಗುತ್ತದೆ, ಎಷ್ಟು ಕ್ಲಿಯರನ್ನು ನುಂಗುತ್ತದೆ ಎಂಬುದು ಕಾಂಪೌಂಡಿಗಿಂತ ಹೆಚ್ಚಾಗಿ ಕೊನೆಯ ಪೇಪರಿನ ಮೇಲೆ ನಿಂತಿದೆ. ಇದು ಈ ಪತ್ರದ ಮುಖ್ಯ ಮಾತು. ಪೇಪರಿನ ಮೇಲಿನ ನಂಬರ್ ಕಣದ ಗಾತ್ರವನ್ನು ಹೇಳುತ್ತದೆ. ಯುರೋಪಿನ ಪಿ ಶ್ರೇಣಿಯಲ್ಲಿ 1000 ನಂಬರಿನ ಕಣ ಸರಾಸರಿ 18.3 ಮೈಕ್ರಾನ್, 1500ರದು 12.6, 2000ದ್ದು 10.3, 2500ರದು 8.4 ಮೈಕ್ರಾನ್. ಗೆರೆಯ ಆಳ ಕಣದ ಗಾತ್ರಕ್ಕಿಂತ ಬಹಳ ಕಡಿಮೆ, ಏಕೆಂದರೆ ಕಣದ ತುದಿಯಷ್ಟೇ ಕ್ಲಿಯರಿಗೆ ಇಳಿಯುತ್ತದೆ. ಆದರೆ ಕಣ ದೊಡ್ಡದಾದಷ್ಟೂ ಗೆರೆ ಆಳ ಎಂಬುದು ಬದಲಾಗುವುದಿಲ್ಲ. 1500ರಲ್ಲಿ ಉಜ್ಜಿ ನೇರವಾಗಿ ಕಾಂಪೌಂಡಿಗೆ ಹೋದರೆ ಆ ಆಳದ ಗೆರೆಗಳನ್ನೆಲ್ಲ ಮಷೀನಿನಿಂದಲೇ ತೆಗೆಯಬೇಕು. ಅದಕ್ಕೆ ಉಣ್ಣೆಯ ಪ್ಯಾಡ್, ಒರಟು ಕಾಂಪೌಂಡ್, ಹೆಚ್ಚು ಒತ್ತಡ, ಹೆಚ್ಚು ಹೊತ್ತು ಎಲ್ಲವೂ ಬೇಕಾಗುತ್ತದೆ, ಜೊತೆಗೆ ಬಿಸಿ ಏರುತ್ತದೆ. 1500ರ ನಂತರ 2000, ಆಮೇಲೆ 3000 ಎಂದು ಮುಂದುವರಿದವರಿಗೆ ಪೇಪರಿನಲ್ಲಿ ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ. ಆದರೆ ಕಾಂಪೌಂಡಿನ ಕೆಲಸದಲ್ಲಿ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಉಳಿಯುತ್ತದೆ. ಪೇಪರ್ ಚಪ್ಪಟೆಯಾಗಿ, ತಣ್ಣಗೆ, ಕೈಯ ಹಿಡಿತದಲ್ಲಿ ಕೆಲಸ ಮಾಡುತ್ತದೆ. ಸಾಧ್ಯವಾದಷ್ಟು ಗೆರೆಯನ್ನು ಪೇಪರಿನಿಂದಲೇ ಸಣ್ಣದು ಮಾಡುವುದು ಉತ್ತಮ.

ಪ್ರತಿ ಪೇಪರ್ ಹಿಂದಿನ ಪೇಪರಿನ ಗೆರೆಯನ್ನು ಪೂರ್ತಿ ತೆಗೆದಿರಬೇಕು. ಅದನ್ನು ತಿಳಿಯಲು ದಿಕ್ಕು ಬದಲಿಸಬೇಕು. 1500ನ್ನು ಉದ್ದಕ್ಕೆ ಎಳೆದಿದ್ದರೆ 2000ವನ್ನು ಅಡ್ಡಡ್ಡ ಎಳೆಯಬೇಕು. ನೀರು ಒರೆಸಿ ಒಣಗಿಸಿ ನೋಡಿದಾಗ ಉದ್ದದ ಗೆರೆ ಒಂದೂ ಕಾಣಬಾರದು. ಒದ್ದೆಯಿದ್ದಾಗ ನೀರು ಗೆರೆಯನ್ನು ಮುಚ್ಚುತ್ತದೆ, ಹಾಗಾಗಿ ಒಣಗಿಸದೆ ಯಾವ ತೀರ್ಮಾನಕ್ಕೂ ಬರಬಾರದು. ಬರಿಗೈಯಲ್ಲಿ ಪೇಪರ್ ಹಿಡಿದರೆ ಬೆರಳುಗಳ ಕೆಳಗೆ ಮಾತ್ರ ಒತ್ತಡ ಬಿದ್ದು ಸಾಲುಸಾಲಾಗಿ ತಗ್ಗು ಬೀಳುತ್ತದೆ. ಮಟ್ಟದ ಜಾಗಕ್ಕೆ ರಬ್ಬರ್ ಬ್ಲಾಕ್, ಬಾಗಿದ ಜಾಗಕ್ಕೆ ಮೆತ್ತನೆಯ ಸ್ಪಂಜು ಬೇಕು. ಬಕೆಟ್ಟಿನ ನೀರಿಗೆ ಒಂದೆರಡು ಹನಿ ಶಾಂಪೂ ಹಾಕಿದರೆ ಪೇಪರ್ ಜಾರುತ್ತದೆ, ಉಜ್ಜಿದ ಹಿಟ್ಟು ಪೇಪರಿಗೆ ಗಂಟು ಕಟ್ಟುವುದಿಲ್ಲ. ಆ ಗಂಟು ಒಂದು ಸಲ ಎಳೆದ ಗೆರೆ 3000 ನಂಬರಿನ ಪೇಪರಿಗೂ ಬಗ್ಗುವುದಿಲ್ಲ. ಪುಟ್ಟಿ ಉಜ್ಜಿದ ಬಕೆಟ್ಟಿನಲ್ಲೇ 2000 ನಂಬರಿನ ಪೇಪರ್ ಅದ್ದುವ ಅಭ್ಯಾಸವನ್ನು ಇಂದೇ ಬಿಡಬೇಕು. ತಳದಲ್ಲಿ ಕೂತ 80 ನಂಬರಿನ ಒಂದೇ ಒಂದು ಕಣ ಸಾಕು, ಇಡೀ ಬಾನೆಟ್ಟನ್ನು ಮತ್ತೆ ಮೊದಲಿನಿಂದ ಉಜ್ಜಬೇಕಾಗುತ್ತದೆ. ಗಾಳಿಯ ಸ್ಯಾಂಡರ್ ಬಳಸುವವರಿಗೂ ಇದೇ ಮಾತು. ಅಲ್ಲಿ ಸಿಕ್ಕಿಬಿದ್ದ ಕಣ ನೇರ ಗೆರೆಯ ಬದಲು ಸುರುಳಿ ಸುರುಳಿಯಾಗಿ ಕೊರೆಯುತ್ತದೆ.

ನೀರಿನಲ್ಲಿ ಉಜ್ಜುವ ಪೇಪರಿನ ಹಿಂದೆ ನೆನಪಿಡಬೇಕಾದ ಒಂದು ಕಥೆ ಇದೆ. ಫಿಲಡೆಲ್ಫಿಯಾದ ಶಾಯಿ ತಯಾರಕ ಫ್ರಾನ್ಸಿಸ್ ಓಕಿ ನೀರಿಗೆ ನೆನೆಯದ ಉಜ್ಜುಕಾಗದವನ್ನು ಕಂಡುಹಿಡಿದ. ಅದರ ಹಕ್ಕನ್ನು ಕೊಂಡ 3ಎಂ ಕಂಪನಿ 1921ರಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಕಾರು ಕಾರ್ಖಾನೆಗಳಿಗೆ ಅದು ಹಿಡಿಸಿದ್ದು ನುಣುಪಿಗಾಗಿ ಮಾತ್ರ ಅಲ್ಲ, ಒಣ ಉಜ್ಜುವಿಕೆಯಲ್ಲಿ ಏಳುತ್ತಿದ್ದ ದೂಳು ಅದರಿಂದ ಅಡಗಿತು. ಆ ಪೇಪರನ್ನು ಸೇಂಟ್ ಪಾಲ್ ನಗರದ ಒಂದು ಬಾಡಿ ಶಾಪಿನಲ್ಲಿ ಪರೀಕ್ಷಿಸಲು ಹೋಗಿದ್ದ ಅದೇ ಕಂಪನಿಯ ಯುವಕ ರಿಚರ್ಡ್ ಡ್ರೂ, ಎರಡು ಬಣ್ಣದ ಕಾರಿಗೆ ಗೆರೆ ಹಿಡಿಯಲು ಪೇಂಟರುಗಳು ಪಡುತ್ತಿದ್ದ ಪಾಡನ್ನು ನೋಡಿದ. ಅಂಟಿಸಿದ ಕಾಗದ ಕಿತ್ತಾಗ ಹೊಸ ಪೇಂಟೂ ಕಿತ್ತು ಬರುತ್ತಿತ್ತು. 1925ರಲ್ಲಿ ಆತ ಮಾಸ್ಕಿಂಗ್ ಟೇಪ್ ಮಾಡಿಕೊಟ್ಟ. ಬಫಿಂಗ್ ಕಟ್ಟೆಯ ಮೇಲೆ ಪ್ರತಿದಿನ ಅಕ್ಕಪಕ್ಕ ಕೂರುವ ಈ ಎರಡು ವಸ್ತುಗಳೂ ಕೆಲಸಗಾರರ ಕಷ್ಟವನ್ನು ಹತ್ತಿರದಿಂದ ನೋಡಿದ್ದರಿಂದ ಬೆಳೆದಂಥವು.

ಆ ಟೇಪಿಗೆ ಬಫಿಂಗಿನಲ್ಲೂ ದೊಡ್ಡ ಕೆಲಸವಿದೆ. ಡೋರಿನ ಅಂಚು, ಬಾನೆಟ್ಟಿನ ಮಡಿಕೆ, ಫೆಂಡರಿನ ಉಬ್ಬುಗೆರೆ ಇಂಥ ಕಡೆ ಪೇಂಟ್ ಹೊಡೆದಾಗಲೇ ಕ್ಲಿಯರ್ ಹರಿದು ತೆಳುವಾಗಿರುತ್ತದೆ. ಪ್ಯಾಡಿನ ಒತ್ತಡವೆಲ್ಲ ಅಲ್ಲಿ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ. ಕ್ಲಿಯರ್ ಕಿತ್ತುಹೋಗುವುದು ಹೆಚ್ಚಾಗಿ ಇಲ್ಲಿಯೇ. ಉಜ್ಜುವ ಮೊದಲು ಅಂಚುಗಳಿಗೆ ಟೇಪ್ ಹಾಕಬೇಕು. ಕೊನೆಯಲ್ಲಿ ಟೇಪ್ ತೆಗೆದು ಆ ಜಾಗವನ್ನು ಕೈಯಿಂದ ಮಾತ್ರ ಮುಗಿಸಬೇಕು. ರಬ್ಬರ್ ಬೀಡಿಂಗ್ ಮತ್ತು ಕಪ್ಪು ಪ್ಲಾಸ್ಟಿಕ್ಕಿಗೂ ಟೇಪ್ ಬೇಕು. ಒಣಗಿದ ಕಾಂಪೌಂಡ್ ಅವುಗಳ ಮೇಲೆ ಬಿಳಿ ಕಲೆಯಾಗಿ ಉಳಿದುಬಿಡುತ್ತದೆ.

ಯಾವಾಗ ಉಜ್ಜಬೇಕು ಎಂಬುದರಲ್ಲಿ ಗ್ಯಾರೇಜುಗಳು ಹೆಚ್ಚಾಗಿ ಎಡವುತ್ತವೆ. ಹಾರ್ಡ್‌ನರ್ ಬೆರೆಸಿ ಹೊಡೆಯುವ 2ಕೆ ಕ್ಲಿಯರ್ ತಿನ್ನರ್ ಆರಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಹಾರ್ಡ್‌ನರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡು ಗಟ್ಟಿಯಾಗುತ್ತದೆ. ಬೂತಿನಲ್ಲಿ ಪ್ಯಾನೆಲ್ಲಿನ ಬಿಸಿ 60 ಡಿಗ್ರಿಗೆ ಬಂದ ಮೇಲೆ ಅರ್ಧ ಗಂಟೆ ಬೇಯಿಸಿ, ಪೂರ್ತಿ ತಣಿದ ಮೇಲೆ ಉಜ್ಜಬಹುದಾದ ಕ್ಲಿಯರುಗಳಿವೆ. ಬೂತಿಲ್ಲದ ಕಡೆ ಕನಿಷ್ಠ ಒಂದು ರಾತ್ರಿ ಬೇಕು. ಜುಲೈ ತಿಂಗಳ ಮಡಿಕೇರಿ, ಸಕಲೇಶಪುರದ ತಂಪಿನಲ್ಲಿ ಅದೂ ಸಾಲದು, ಏಕೆಂದರೆ ತಂಪಿನಲ್ಲಿ ಈ ಬೆಸುಗೆ ನಿಧಾನವಾಗಿ ನಡೆಯುತ್ತದೆ. ಡಬ್ಬಿಯ ಜೊತೆ ಬರುವ ತಾಂತ್ರಿಕ ಹಾಳೆಯಲ್ಲಿ ಸಮಯ ಬರೆದಿರುತ್ತದೆ. ಅದನ್ನು ಓದಿ ಗೋಡೆಗೆ ಅಂಟಿಸುವುದು ಒಳ್ಳೆಯದು.

ಹಸಿ ಕ್ಲಿಯರನ್ನು ಉಜ್ಜಿದರೆ ಆಗುವುದು ಇದು. ಮಷೀನಿನ ಬಿಸಿಗೆ, ಕಾಂಪೌಂಡಿನ ಎಣ್ಣೆಗೆ ಕ್ಲಿಯರ್ ಮೆತ್ತಗಾಗಿ ಉಬ್ಬುತ್ತದೆ. ಗೆರೆಯ ಬಾಯಿ ಮುಚ್ಚಿದಂತೆ ಕಾಣುತ್ತದೆ, ಹೊಳಪೂ ಬರುತ್ತದೆ. ಗ್ರಾಹಕರು ಸಂತೋಷದಿಂದ ಗಾಡಿ ಒಯ್ಯುತ್ತಾರೆ. ಮುಂದಿನ ದಿನಗಳಲ್ಲಿ ಉಳಿದ ತಿನ್ನರ್ ಆರಿ ಕ್ಲಿಯರ್ ಕುಗ್ಗಿದಾಗ 1500 ನಂಬರಿನ ಗೆರೆಗಳು ಸಾಲುಸಾಲಾಗಿ ಮತ್ತೆ ಕಾಣುತ್ತವೆ. ಕಾಂಪೌಂಡ್ ಕಳಪೆ ಎಂಬ ದೂರು ಆಗ ಹುಟ್ಟುತ್ತದೆ. ಹೆಚ್ಚಿನ ಸಲ ಕಾಂಪೌಂಡಿನದು ತಪ್ಪಲ್ಲ, ಅವಸರದ್ದು ತಪ್ಪು. ಹಾಗೆಂದು ವಾರಗಟ್ಟಲೆ ಕಾದರೆ ಕ್ಲಿಯರ್ ಪೂರ್ತಿ ಗಟ್ಟಿಯಾಗಿ ಗೆರೆ ತೆಗೆಯುವುದೇ ಕಷ್ಟವಾಗುತ್ತದೆ. ಗಾಳಿಯಲ್ಲಿ ಒಣಗಿದ ಪೇಂಟಿಗೆ ಮರುದಿನದಿಂದ ಮೊದಲ ಎರಡು ಮೂರು ದಿನಗಳೊಳಗೆ ಉಜ್ಜಿ ಮುಗಿಸುವುದು ಅನುಕೂಲ.

ಕಾಂಪೌಂಡುಗಳಲ್ಲಿ ಎರಡು ಬಗೆ. ಕೆಲವುದರ ಕಣಗಳು ಕೆಲಸ ಮಾಡುತ್ತಾ ಒಡೆದು ಸಣ್ಣದಾಗುತ್ತವೆ. ಅಂಥದ್ದನ್ನು ಪಾರದರ್ಶಕ ಪೊರೆಯಾಗುವ ತನಕ ಓಡಿಸಬೇಕು, ಅರ್ಧಕ್ಕೆ ಒರೆಸಿದರೆ ಒರಟು ಗೆರೆ ಉಳಿಯುತ್ತದೆ. ಇನ್ನು ಕೆಲವುದರ ಕಣ ಮೊದಲಿನಿಂದ ಕೊನೆಯವರೆಗೂ ಒಂದೇ ಗಾತ್ರದ್ದು. ಅಲ್ಲಿ ಎಷ್ಟು ಹೊತ್ತು, ಎಷ್ಟು ಒತ್ತಿ ಓಡಿಸಿದರು ಎಂಬುದೇ ಮುಖ್ಯ. ಪ್ಯಾಡಿನ ಆಯ್ಕೆಯೂ ಕಾಂಪೌಂಡಿನಷ್ಟೇ ಮುಖ್ಯ. ಉಣ್ಣೆ ಹೆಚ್ಚು ಕೊರೆಯುತ್ತದೆ, ಬಿಸಿಯನ್ನು ಅಷ್ಟಾಗಿ ಹಿಡಿದಿಡುವುದಿಲ್ಲ, ಆದರೆ ತನ್ನದೇ ಗೆರೆ ಬಿಡುತ್ತದೆ. ಗಟ್ಟಿ ಫೋಮ್ ನಡುವಿನದು. ಮೆತ್ತನೆಯ ಫೋಮ್ ಕೊನೆಯ ಹೊಳಪಿಗೆ. 3000 ನಂಬರಿಗೆ ಮುಗಿಸಿದ ಜಾಗಕ್ಕೆ ಗಟ್ಟಿ ಫೋಮ್ ಸಾಕಾಗುವ ಸಂದರ್ಭಗಳೇ ಹೆಚ್ಚು. ಸುಮ್ಮನೆ ಉಣ್ಣೆಯಿಂದ ಶುರು ಮಾಡಬಾರದು. ಬಾನೆಟ್ಟಿನ ಮೂಲೆಯಲ್ಲಿ ಒಂದೂವರೆ ಅಡಿ ಚೌಕದ ಜಾಗದಲ್ಲಿ ಮೊದಲು ಮೆತ್ತನೆಯದನ್ನು ಪರೀಕ್ಷಿಸಿ, ಗೆರೆ ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಬೇಕು.

ಮಷೀನಿನ ವೇಗಕ್ಕೂ ಲೆಕ್ಕವಿದೆ. ಏಳು ಇಂಚಿನ ಪ್ಯಾಡ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. 3000 ಸುತ್ತಿಗೆ ಅದು 28 ಮೀಟರ್ ಆಗುತ್ತದೆ. ಬಹುತೇಕ ಕೆಲಸ 1200ರಿಂದ 1800 ಸುತ್ತಿನೊಳಗೆ ಮುಗಿಯುತ್ತದೆ. ತಗಡು ಕತ್ತರಿಸುವ ನಾಲ್ಕು ಇಂಚಿನ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸಿ ಬಫಿಂಗ್ ಮಾಡುವವರು ಈಗಲೂ ಇದ್ದಾರೆ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ದಾಟುತ್ತದೆ. ಆ ವೇಗಕ್ಕೆ ಕ್ಲಿಯರ್ ಸುಡುತ್ತದೆ, ಪ್ಯಾಡ್ ಕಿತ್ತು ಮುಖಕ್ಕೆ ಹಾರಬಹುದು. ಸಣ್ಣ ಗ್ಯಾರೇಜಿಗೆ ವೇಗ ಬದಲಿಸಬಹುದಾದ ಬಫಿಂಗ್ ಮಷೀನ್ ದುಬಾರಿ ಎನಿಸಬಹುದು, ಆದರೆ ಹಾಳಾದ ಬಾನೆಟ್ಟನ್ನು ಮತ್ತೆ ಪೇಂಟ್ ಮಾಡುವ ಖರ್ಚೂ ಗ್ಯಾರೇಜಿನದೇ.

ಬಿಸಿಯ ಅಳತೆಗೆ ಅಂಗೈ ಸಾಕು. ಉಜ್ಜಿದ ಜಾಗದ ಮೇಲೆ ಅಂಗೈಯನ್ನು ಆರಾಮಾಗಿ ಇಡಲು ಆಗದಿದ್ದರೆ ನಿಲ್ಲಿಸಿ ತಣಿಯಲು ಬಿಡಬೇಕು. ಉಕ್ಕಿನ ತಗಡು ಬಿಸಿಯನ್ನು ಸುತ್ತಲೂ ಹರಡಿಬಿಡುತ್ತದೆ. ಪ್ಲಾಸ್ಟಿಕ್ ಬಂಪರ್ ಹರಡುವುದಿಲ್ಲ, ಬಿಸಿ ಒಂದೇ ಕಡೆ ಕೂಡುತ್ತದೆ. ಬಾನೆಟ್ಟಿಗೆ ಹೊಂದುವ ವೇಗ, ಒತ್ತಡವನ್ನೇ ಬಂಪರಿಗೂ ಕೊಟ್ಟರೆ ಪೇಂಟ್ ಸುಕ್ಕುಗಟ್ಟುತ್ತದೆ. ಬಿಸಿಲಿನಲ್ಲಿ ನಿಂತ ಗಾಡಿಗೆ, ಅದರಲ್ಲೂ ಕಪ್ಪು ಗಾಡಿಗೆ, ಮಷೀನ್ ಇಡಲೇಬಾರದು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಬೆಳಗಿನ ಹೊತ್ತು ನೆರಳಿನಲ್ಲಿ ಮಾಡುವ ಕೆಲಸವಿದು.

ಓಡಿಸುವ ರೀತಿ ಸರಳ. ಬಟಾಣಿ ಗಾತ್ರದ ನಾಲ್ಕೈದು ಚುಕ್ಕೆ ಕಾಂಪೌಂಡ್ ಸಾಕು. ಮಷೀನ್ ಆನ್ ಮಾಡುವ ಮೊದಲೇ ಪ್ಯಾಡಿನಿಂದ ಅದನ್ನು ಹರಡಬೇಕು. ಮಷೀನನ್ನು ನಿಧಾನವಾಗಿ ಅಡ್ಡಡ್ಡ ಒಯ್ದು, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ ನೋಡಿಕೊಂಡು, ಆಮೇಲೆ ಉದ್ದಕ್ಕೆ ಅದೇ ರೀತಿ ಮಾಡಬೇಕು. ಮೊದಲು ಸ್ವಲ್ಪ ಒತ್ತಿ, ಕೊನೆಯ ಸುತ್ತುಗಳನ್ನು ಮಷೀನಿನ ತೂಕದಲ್ಲೇ ಮುಗಿಸಬೇಕು. ಅಂಚಿನ ಹತ್ತಿರ ಪ್ಯಾಡ್ ಅಂಚಿನಿಂದ ಹೊರಕ್ಕೆ ತಿರುಗುವಂತೆ ಹಿಡಿಯಬೇಕು, ಒಳಮುಖವಾಗಿ ತಿರುಗಿದರೆ ಅಂಚನ್ನು ಕಚ್ಚುತ್ತದೆ. ಒಂದೊಂದು ಜಾಗ ಮುಗಿದ ಮೇಲೂ ಪ್ಯಾಡನ್ನು ಬ್ರಶ್‌ನಿಂದ ಸ್ವಚ್ಛಗೊಳಿಸಬೇಕು.

ರೋಟರಿ ಮಷೀನ್ ಉಜ್ಜುಗೆರೆಯನ್ನು ತೆಗೆದು ತನ್ನದೇ ನವಿರಾದ ಸುತ್ತುಗೆರೆಗಳನ್ನು ಬಿಡುತ್ತದೆ. ಬಿಸಿಲಿಗೆ ಗಾಡಿ ಹೊರಬಂದಾಗ ಹೊಳೆಹೊಳೆಯುತ್ತಾ ಅಲೆಯಂತೆ ಕಾಣುವ ಹಾಲೋಗ್ರಾಮ್ ಎಂಬುದು ಇದೇ. ಕಪ್ಪು, ಕಡುನೀಲಿ ಗಾಡಿಗಳಲ್ಲಿ ಇದು ಎದ್ದು ಕಾಣುತ್ತದೆ, ಬಿಳಿ ಗಾಡಿಯಲ್ಲಿ ಕಾಣುವುದೇ ಕಷ್ಟ. ಇದನ್ನು ತೆಗೆಯಲು ಮೆತ್ತನೆಯ ಫೋಮ್, ಸಣ್ಣ ಕಣದ ಪಾಲಿಶ್, ಸಾಧ್ಯವಾದರೆ ಡ್ಯುಯಲ್ ಆ್ಯಕ್ಷನ್ ಮಷೀನ್ ಬೇಕು. ಈ ಮಷೀನಿನ ಪ್ಯಾಡ್ ಸುತ್ತುತ್ತಲೇ ಅತ್ತಿತ್ತ ತೂಗಾಡುವುದರಿಂದ ಗೆರೆಗಳು ಒಂದೇ ದಿಕ್ಕಿಗೆ ಸಾಲುಗಟ್ಟುವುದಿಲ್ಲ, ಬಿಸಿಯೂ ಕಡಿಮೆ. ಕೊನೆಯ ಈ ಹಂತವನ್ನು ಬಿಟ್ಟು ಗಾಡಿ ಕೊಡುವುದು ಅರ್ಧ ಕೆಲಸಕ್ಕೆ ಪೂರ್ತಿ ಹಣ ಪಡೆದಂತೆ.

ಇನ್ನು ಪರೀಕ್ಷೆ. ಕಾಂಪೌಂಡಿನ ಎಣ್ಣೆ, ಕೆಲವು ಪಾಲಿಶುಗಳಲ್ಲಿರುವ ವ್ಯಾಕ್ಸ್ ಮತ್ತು ಸಿಲಿಕೋನ್ ಸಣ್ಣ ಗೆರೆಗಳ ಮೇಲೆ ಕೂತು ಅವುಗಳನ್ನು ತಾತ್ಕಾಲಿಕವಾಗಿ ಮರೆಮಾಡುತ್ತವೆ. ಎರಡು ಮೂರು ಸಲ ತೊಳೆದಾಗ ಅವು ಹೋಗುತ್ತವೆ, ಗೆರೆ ಬಯಲಾಗುತ್ತದೆ. ಆದ್ದರಿಂದ ಐಸೋಪ್ರೊಪೈಲ್ ಆಲ್ಕೊಹಾಲನ್ನು ನೀರಿನಲ್ಲಿ ಬೆರೆಸಿ, ಶುದ್ಧ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ನೋಡದೆ ಯಾವ ಪ್ಯಾನೆಲ್ಲನ್ನೂ ಮುಗಿಯಿತು ಎನ್ನಬಾರದು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಗೆರೆ ಕಾಣುವುದಿಲ್ಲ. ಒಂದೇ ಬಿಂದುವಿನಿಂದ ಬರುವ ಎಲ್‌ಇಡಿ ಬೆಳಕನ್ನು ಓರೆಯಾಗಿ ಹಿಡಿದರೆ, ಇಲ್ಲವೇ ಗಾಡಿಯನ್ನು ಬಿಸಿಲಿಗೆ ತಂದರೆ ಕಾಣುತ್ತದೆ. ಸಿಲಿಕೋನ್ ಇರುವ ಪಾಲಿಶನ್ನು ಪೇಂಟ್ ಹೊಡೆಯುವ ಜಾಗದ ಹತ್ತಿರವೂ ತರಬಾರದು. ಅದರ ಲವಲೇಶ ಬಿದ್ದರೂ ಮುಂದಿನ ಗಾಡಿಯ ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಗುಂಡಿಗಳು ಏಳುತ್ತವೆ. ಹೊಸ ಪೇಂಟಿಗೆ ಮೊದಲ ಕೆಲವು ವಾರ ವ್ಯಾಕ್ಸ್ ಹಾಕದಿರುವುದು ಒಳ್ಳೆಯದು ಎಂಬುದನ್ನು ಗ್ರಾಹಕರಿಗೂ ಹೇಳಬೇಕು.

ತೆಗೆಯಲಾಗದ ಗೆರೆಗಳೂ ಇವೆ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳುವ ಗೆರೆ ಹೆಚ್ಚಾಗಿ ಕ್ಲಿಯರಿನ ಬಹುಪಾಲನ್ನು ದಾಟಿ ಹೋಗಿರುತ್ತದೆ. ಅದರ ತಳ ಮುಟ್ಟುವ ಹಟ ಬೇಡ. ಅಂಚನ್ನು ಸ್ವಲ್ಪ ಮೃದು ಮಾಡಿ ಬಿಡುವುದು, ಇಲ್ಲವೇ ಪ್ಯಾನೆಲ್ ಪೇಂಟ್ ಮಾಡುವುದು, ಎರಡೇ ದಾರಿ. ಬೇಸ್ ಕೋಟಿನ ಮೇಲೇ ಒರಟು ಪೇಪರ್ ಎಳೆದು ಆಮೇಲೆ ಕ್ಲಿಯರ್ ಹೊಡೆದಿದ್ದರೆ ಆ ಗೆರೆ ಕ್ಲಿಯರಿನ ಕೆಳಗಿದೆ, ಮೇಲಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದನ್ನು ಗ್ರಾಹಕರಿಗೆ ಮೊದಲೇ ತೋರಿಸಿ ಹೇಳುವ ಕೆಲಸಗಾರರ ಮಾತಿಗೆ ಬೆಲೆ ಹೆಚ್ಚುತ್ತದೆ.

ಒಣಗಿದ ಕಾಂಪೌಂಡಿನ ದೂಳು, ಕ್ಲಿಯರಿನ ಪುಡಿ, ಉಣ್ಣೆಯ ಎಳೆ ಇವೆಲ್ಲ ದಿನವಿಡೀ ಮೂಗಿನ ಎದುರೇ ಹಾರುತ್ತವೆ. ಮಾಸ್ಕ್, ಕನ್ನಡಕ, ಏಪ್ರನ್ ಬೇಕೇ ಬೇಕು. ಒದ್ದೆ ನೆಲದ ಮೇಲೆ ಕರೆಂಟಿನ ಮಷೀನ್ ಹಿಡಿಯುವ ಕೆಲಸವಾದ್ದರಿಂದ ಅರ್ಥಿಂಗ್ ಇರುವ ಪ್ಲಗ್ ಮತ್ತು ಇಎಲ್‌ಸಿಬಿ ಇರಲೇಬೇಕು. ಇವುಗಳ ಹೊಣೆ ಕೆಲಸಗಾರರದಲ್ಲ, ಮಾಲೀಕರದು.

ಮಾಲೀಕರಲ್ಲಿ ವಿನಂತಿ ಇಷ್ಟು: ಬಫಿಂಗ್ ಮಾಡುವವರ ಕೈಗೆ ದಪ್ಪ ಅಳೆಯುವ ಮೀಟರ್, ಒಂದು ಎಲ್‌ಇಡಿ ದೀಪ, 3000 ನಂಬರಿನ ಪೇಪರ್, ಪ್ರತ್ಯೇಕ ಬಕೆಟ್ ಕೊಡಿ. ಅದಕ್ಕಿಂತ ಮುಖ್ಯವಾಗಿ ಪೇಂಟ್ ಆರಲು ಒಂದು ರಾತ್ರಿ ಬಿಡಿ. ಸಂಜೆಗೇ ಗಾಡಿ ಬೇಕು ಎನ್ನುವ ಗ್ರಾಹಕರಿಗೆ ನಾಳೆ ಬನ್ನಿ ಎಂದು ನೀವೇ ಹೇಳಿ, ಆ ಮಾತನ್ನು ಹುಡುಗರ ಬಾಯಿಂದ ಹೇಳಿಸಬೇಡಿ.